ಎರಡು ಕ್ಯಾಮೆರಾಗಳು ಮತ್ತು ನಮ್ಮ ಸೀಮೆಯ ಮುಖಗಳು

೨೦೦೮ರ ಆಗಸ್ಟ್ ತಿಂಗಳ ಕೊನೆಯ ವಾರದಲ್ಲಿ ಜಪಾನಿನ ಎರಡು ಸಂಸ್ಥೆಗಳು ಒಂದೇ ದಿನದ ಅಂತರದಲ್ಲಿ ಎರಡು ಕ್ಯಾಮೆರಾಗಳನ್ನು ಪ್ರಕಟಿಸಿದವು. ಆಗಸ್ಟ್ ೨೬ರಂದು ಕ್ಯಾನನ್ ಸಂಸ್ಥೆಯ ‘ಇಓಎಸ್ ೫೦ಡಿ’ ಬಂದಿತು. ಮರುದಿನ, ಅಂದರೆ ೨೭ರಂದು, ನಿಕಾನ್ ಸಂಸ್ಥೆಯ ‘ಡಿ೯೦’ ಬಂದಿತು. ಎರಡೂ ಮಧ್ಯಮ ದರ್ಜೆಯ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾಗಳು. ಹವ್ಯಾಸಿಯ ಜೇಬಿಗೆ ತುಸು ಭಾರ, ವೃತ್ತಿಯವನ ಕೈಗೆ ತುಸು ಹಗುರ ಎನ್ನುವಂಥವು. ಆ ವರ್ಷ ಸೇಡಂನಲ್ಲಿ ಸ್ಟುಡಿಯೋ ತೆರೆಯಲು ಸಿದ್ಧನಾಗಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, “ಸರ್, ಎರಡರಾಗ ಯಾವುದು ತಗೊಳ್ಳಲಿ, ನೀವೇ ಹೇಳ್ರಿ” ಎಂದು ಕೇಳಿದ್ದ.

ಇತಿಹಾಸ ಕಲಿಸಿದ ಮೇಷ್ಟರನ್ನು ಕ್ಯಾಮೆರಾ ವಿಷಯ ಕೇಳುವುದು ನಿಮಗೆ ವಿಚಿತ್ರವೆನಿಸಬಹುದು. ಆದರೆ ಆ ಪ್ರಶ್ನೆಯ ಬೆನ್ನಿಗೆ ಎರಡು ಇತಿಹಾಸಗಳಿದ್ದವು. ಒಂದು, ಆ ಎರಡು ಸಂಸ್ಥೆಗಳ ಇತಿಹಾಸ. ಇನ್ನೊಂದು, ಸೇಡಂ, ಚಿತ್ತಾಪುರ, ಚಿಂಚೋಳಿಗಳ ಈ ಸೀಮೆಯಲ್ಲಿ ಯಾರ ಮುಖ ಚಿತ್ರಕ್ಕೆ ಸೇರಿತು, ಯಾರ ಮುಖ ಸೇರದೆ ಉಳಿಯಿತು ಎಂಬ ಇತಿಹಾಸ. ಎರಡನ್ನೂ ಅರಿಯದೆ ಕೊಂಡರೆ ಅದು ಅಂಗಡಿಯವನ ಆಯ್ಕೆಯಾಗುತ್ತದೆ, ನಮ್ಮ ಆಯ್ಕೆಯಾಗುವುದಿಲ್ಲ. ಇಂದು ಆ ಎರಡೂ ಮಾದರಿಗಳ ತಯಾರಿಕೆ ನಿಂತು ಹಲವು ವರ್ಷಗಳಾಗಿವೆ. ಆದರೂ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಳ್ಳಲು ಹೊರಟ ನಿಮ್ಮ ಮಕ್ಕಳು ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಿದ್ದಾರೆ. ಆದ್ದರಿಂದ ಅಂದು ನಾನು ಅವನಿಗೆ ಹೇಳಿದ್ದನ್ನೂ ಆಮೇಲೆ ತಿಳಿದುಕೊಂಡದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಸೀಮೆಯ ಕಥೆ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹಳಿ ೧೮೭೪ರಲ್ಲಿ ತೆರೆಯಿತು. ಚಿತ್ತಾಪುರ, ಮಳಖೇಡ ರೋಡ್, ಸೇಡಂ ನಿಲ್ದಾಣಗಳೆಲ್ಲ ಆ ಹಳಿಯ ಮೇಲಿನವೇ. ಅದರ ಮತ್ತೊಂದು ತುದಿಯಾದ ಸಿಕಂದರಾಬಾದಿನಲ್ಲಿ, ಹನ್ನೆರಡು ವರ್ಷಗಳ ಬಳಿಕ, ೧೮೮೬ರಲ್ಲಿ ಭಾರತದ ಅತಿ ಪ್ರಸಿದ್ಧ ಛಾಯಾಗ್ರಾಹಕರೊಬ್ಬರು ಸ್ಟುಡಿಯೋ ತೆರೆದರು. ಅವರೇ ಲಾಲಾ ದೀನದಯಾಳ್. ೧೮೪೪ರಲ್ಲಿ ಮೀರತ್ ಸಮೀಪದ ಸರಧಾನಾದಲ್ಲಿ ಹುಟ್ಟಿ, ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು, ಇಂದೂರಿನಲ್ಲಿ ಸರಕಾರಿ ಕೆಲಸದಲ್ಲಿದ್ದಾಗ ಕ್ಯಾಮೆರಾ ಹಿಡಿದವರು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾಗಿ ‘ರಾಜಾ’ ಬಿರುದನ್ನೂ ಪಡೆದರು. ೧೮೯೨ರಲ್ಲಿ ಹೈದರಾಬಾದಿನಲ್ಲಿ ಪರದೆಯ ಹೆಂಗಸರಿಗಾಗಿಯೇ ಪ್ರತ್ಯೇಕ ಸ್ಟುಡಿಯೋ ತೆರೆದು, ಅದನ್ನು ಆಂಗ್ಲ ಮಹಿಳೆಯೊಬ್ಬರ ಕೈಗೊಪ್ಪಿಸಿದರು. ೧೯೦೫ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಅರಮನೆ, ಬೇಟೆ, ದರ್ಬಾರು, ಕವಾಯತುಗಳ ಸಾವಿರಾರು ಗಾಜಿನ ಫಲಕಗಳು ಸಿದ್ಧವಾಗಿದ್ದವು.

ಅಂದರೆ ನಮ್ಮ ಊರುಗಳಿಂದ ರೈಲಿನಲ್ಲಿ ಕೆಲವೇ ತಾಸುಗಳ ದೂರದಲ್ಲಿ ಜಗತ್ತು ಮೆಚ್ಚುವ ಛಾಯಾಗ್ರಹಣ ನಡೆಯುತ್ತಿತ್ತು. ಆದರೆ ಅದೇ ರೈಲನ್ನು ನೋಡುತ್ತ ಎರಿಹೊಲದಲ್ಲಿ ತೊಗರಿ ಬಿತ್ತುತ್ತಿದ್ದ ನಮ್ಮ ಮುತ್ಯಾಗಳ ಮುಖ ಯಾವ ಫಲಕದ ಮೇಲೂ ಬೀಳಲಿಲ್ಲ. ಶಹಾಬಾದಿನ ಗಣಿಗಳಲ್ಲಿ ಫರ್ಸಿ ಒಡೆಯುತ್ತಿದ್ದವರು, ಕಾಗಿಣಾ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು, ಜಾತ್ರೆಯಲ್ಲಿ ಡೊಳ್ಳು ಬಾರಿಸುತ್ತಿದ್ದವರು ಹೇಗಿದ್ದರೆಂದು ತೋರಿಸಲು ನಮ್ಮ ಬಳಿ ಏನೂ ಇಲ್ಲ. ೧೯೪೮ರ ಸೆಪ್ಟೆಂಬರ್ ೧೩ರಿಂದ ೧೭ರವರೆಗೆ ನಡೆದ ಪೊಲೀಸ್ ಕಾರ್ಯಾಚರಣೆಯ ಕಾಲಕ್ಕೂ ಇದೇ ಮಾತು ಸಲ್ಲುತ್ತದೆ. ಹೈದರಾಬಾದಿನಲ್ಲಿ ನಿಜಾಮರ ಸೇನಾಧಿಪತಿ ಶರಣಾದ ಗಳಿಗೆಯ ಚಿತ್ರಗಳಿವೆ. ಆ ದಿನಗಳಲ್ಲಿ ಗಡಿ ದಾಟಿ ಸೋಲಾಪುರದ ಕಡೆ ಓಡಿದ ಕುಟುಂಬಗಳ, ಆಮೇಲೆ ಭಯದಿಂದ ಬಾಗಿಲು ಮುಚ್ಚಿಕೊಂಡ ಬಡ ಮುಸಲ್ಮಾನ ಕುಟುಂಬಗಳ ಮುಖಗಳನ್ನು ನಮ್ಮ ಊರಿನ ಯಾವ ಮನೆಯಲ್ಲಿಯೂ ನಾನು ಕಂಡಿಲ್ಲ. ಕಂಡವರು ಹೇಳಿದ ಮಾತುಗಳಷ್ಟೇ ಉಳಿದವು. ಅವರೂ ಒಬ್ಬೊಬ್ಬರಾಗಿ ಹೋದರು.

ಸ್ವಾತಂತ್ರ್ಯದ ನಂತರ, ೧೯೫೬ರ ಏಕೀಕರಣದ ನಂತರ, ಕ್ಯಾಮೆರಾ ನಿಧಾನವಾಗಿ ನಮ್ಮತ್ತ ಬಂದಿತು. ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿ ಕಲಬುರಗಿಗೆ ಹೋಗಿ, ಬಣ್ಣ ಬಳಿದ ಪರದೆಯ ಮುಂದೆ ಕುಳಿತು ತೆಗೆಸಿಕೊಂಡ ಚಿತ್ರ ಹಲವರ ಮನೆಯಲ್ಲಿತ್ತು. ಶಾಲೆಯಲ್ಲಿ ಮೆಟ್ರಿಕ್ ತರಗತಿಯ ಗುಂಪುಚಿತ್ರವಿತ್ತು. ಉಳ್ಳವರ ಮನೆಯಲ್ಲಿ ನಮ್ಮ ದೇಶದಲ್ಲಿಯೇ ತಯಾರಾಗುತ್ತಿದ್ದ ‘ಆಗ್ಫಾ ಕ್ಲಿಕ್ ಥ್ರೀ’ ಎಂಬ ಡಬ್ಬಿ ಕ್ಯಾಮೆರಾ ಇತ್ತು. ಒಂದು ರೋಲಿಗೆ ಹನ್ನೆರಡೇ ಚಿತ್ರ. ಹನ್ನೆರಡರಲ್ಲಿ ಯಾರ ಪಾಲಿಗೆ ಎಷ್ಟು? ಮದುಮಕ್ಕಳಿಗೆ ನಾಲ್ಕು, ಬೀಗರಿಗೆ ಎರಡು, ಮಗುವಿನ ಜವಳಕ್ಕೆ ಒಂದು ಎಂದು ಲೆಕ್ಕ ಹಾಕಿದ ಮೇಲೆ ಅಡುಗೆಮನೆಯ ಹೊಗೆಯಲ್ಲಿ ಕುಳಿತ ಆಯಿಯ ಪಾಲಿಗೆ ಏನೂ ಉಳಿಯುತ್ತಿರಲಿಲ್ಲ. “ನನ್ನ ಮಾರಿ ಯಾಕ ತೆಗೀತೀರಿ, ಮಕ್ಕಳದು ತೆಗೀರಿ” ಎಂದು ಅವಳೇ ಸರಿದು ನಿಲ್ಲುತ್ತಿದ್ದಳು. ನನ್ನ ಸ್ವಂತ ಅಜ್ಜಿಯ ಒಂದು ಚಿತ್ರವೂ ನಮ್ಮ ಮನೆತನದಲ್ಲಿ ಇಲ್ಲ. ಅವಳ ಧ್ವನಿ ನೆನಪಿದೆ, ಕೈಬಳೆಗಳ ಸದ್ದು ನೆನಪಿದೆ, ಮುಖ ವರ್ಷದಿಂದ ವರ್ಷಕ್ಕೆ ಮಸುಕಾಗುತ್ತಿದೆ.

೧೯೯೩ರಲ್ಲಿ ಟಿ. ಎನ್. ಶೇಷನ್ ಅವರು ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ ಭಾವಚಿತ್ರವಿರುವ ಮತದಾರರ ಗುರುತಿನ ಚೀಟಿಗೆ ಆದೇಶವಾಯಿತು. ಮುಂದಿನ ವರ್ಷಗಳಲ್ಲಿ ಆ ಕೆಲಸ ನಮ್ಮ ಹಳ್ಳಿಗಳಿಗೂ ಬಂದಾಗ, ಶಾಲೆಯ ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ಒಬ್ಬೊಬ್ಬರನ್ನೇ ಸ್ಟೂಲಿನ ಮೇಲೆ ಕೂರಿಸಿ ಚಿತ್ರ ತೆಗೆದರು. ಚುನಾವಣೆಯ ಕೆಲಸವೆಂದರೆ ಮೇಷ್ಟರಿಗೆ ತಪ್ಪಿದ್ದಲ್ಲವಾದ್ದರಿಂದ ನಾನೂ ಅಲ್ಲಿದ್ದೆ. ಅಂದು ಸಾಲಿನಲ್ಲಿ ನಿಂತ ಮುದುಕ ಮುದುಕಿಯರಲ್ಲಿ ಎಷ್ಟೋ ಜನರಿಗೆ ಅದೇ ಜೀವನದ ಮೊದಲ ಚಿತ್ರ. ಅನೇಕರಿಗೆ ಅದೇ ಕೊನೆಯದೂ ಆಯಿತು. ಅವರು ತೀರಿಕೊಂಡ ಮೇಲೆ ಮಕ್ಕಳು ಆ ಚೀಟಿಯನ್ನು ಸ್ಟುಡಿಯೋಗೆ ತಂದು, ಹೆಬ್ಬೆರಳಿನ ಉಗುರಿನಷ್ಟಿದ್ದ ಮುಖವನ್ನು ಗೋಡೆಗೆ ತೂಗುವಷ್ಟು ದೊಡ್ಡದು ಮಾಡಿಸುತ್ತಿದ್ದರು. ಕಣ್ಣು ಕರಗಿ ಚುಕ್ಕೆಗಳಾಗುತ್ತಿದ್ದವು. ಆ ಚುಕ್ಕೆಗಳಿಗೇ ಹೂಮಾಲೆ ಹಾಕಿ ಪೂಜಿಸಿದ ಮನೆಗಳನ್ನು ನೀವೆಲ್ಲ ನೋಡಿದ್ದೀರಿ.

ನನ್ನ ವಿದ್ಯಾರ್ಥಿಗೆ ನಾನು ಹೇಳಿದ ಮೊದಲ ಮಾತು ಇದೇ. ಕ್ಯಾಮೆರಾ ಯಾವುದೆಂಬುದು ಆಮೇಲೆ. ಯಾರ ಮುಖಕ್ಕಾಗಿ ಎಂಬುದು ಮೊದಲು.

ಇನ್ನು ಜಪಾನಿನ ಕಥೆ. ಇಂದಿನ ನಿಕಾನ್ ಸಂಸ್ಥೆ ೧೯೧೭ರಲ್ಲಿ ‘ನಿಪ್ಪಾನ್ ಕೊಗಾಕು’ ಎಂಬ ಹೆಸರಿನಿಂದ ಟೋಕಿಯೋದಲ್ಲಿ ಹುಟ್ಟಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಮಸೂರಗಳು ಸಿಗದಾದಾಗ ಸ್ವದೇಶದಲ್ಲಿಯೇ ದುರ್ಬೀನು, ಸೂಕ್ಷ್ಮದರ್ಶಕ, ನೌಕಾಪಡೆಯ ದೂರಮಾಪಕಗಳನ್ನು ತಯಾರಿಸುವುದು ಅದರ ಉದ್ದೇಶ. ಕ್ಯಾಮೆರಾ ಅದರ ಯೋಚನೆಯಲ್ಲಿಯೇ ಇರಲಿಲ್ಲ. ಕ್ಯಾನನ್ ಹುಟ್ಟಿದ್ದು ಹದಿನಾರು ವರ್ಷಗಳ ನಂತರ, ೧೯೩೩ರಲ್ಲಿ. ಟೋಕಿಯೋದ ರೊಪ್ಪೊಂಗಿಯ ಒಂದು ಸಣ್ಣ ಕಾರ್ಯಾಗಾರದಲ್ಲಿ ಗೊರೊ ಯೊಷಿದಾ ಮತ್ತು ಅವರ ಭಾವಮೈದುನ ಸಬುರೊ ಉಚಿದಾ ಜರ್ಮನಿಯ ಲೈಕಾ ಕ್ಯಾಮೆರಾವನ್ನು ಬಿಚ್ಚಿ ನೋಡಿ, ಅದಕ್ಕೆ ಸಮನಾದುದನ್ನು ತಾವೇ ಮಾಡಬೇಕೆಂದು ಹೊರಟರು. ತಕೇಶಿ ಮಿತರಾಯ್ ಎಂಬ ವೈದ್ಯರು ಹಣ ಹೊಂದಿಸಿದರು.

ಈ ಕಾರ್ಯಾಗಾರದ ಮೊದಲ ಮಾದರಿಯ ಹೆಸರು ‘ಕ್ವಾನನ್’. ಜಪಾನೀಯರು ಕನ್ನೋನ್ ಎಂದು ಪೂಜಿಸುವ ಕರುಣೆಯ ಬೋಧಿಸತ್ವನ ಹೆಸರು ಅದು. ಆ ಬೋಧಿಸತ್ವ ನಮ್ಮ ಅವಲೋಕಿತೇಶ್ವರನೇ. ಅವಲೋಕನ ಎಂದರೆ ನೋಡುವುದು, ಅದರಲ್ಲೂ ಕೆಳಗಿರುವವರನ್ನು ಕರುಣೆಯಿಂದ ನೋಡುವುದು. ಆ ಹೆಸರೇ ಸವೆದು ಸವೆದು ಕ್ಯಾನನ್ ಆಯಿತು. ಭೀಮೆಯ ದಂಡೆಯ ಸನ್ನತಿ, ಕನಗನಹಳ್ಳಿಗಳನ್ನು ಹೊಂದಿರುವ ಸೀಮೆ ನಮ್ಮದು. ಬೌದ್ಧ ಸ್ತೂಪದ ಶಿಲೆಗಳ ನಡುವೆ ಅಶೋಕ ಚಕ್ರವರ್ತಿಯ ಹೆಸರು ಕೊರೆದ ಶಿಲ್ಪ ದೊರೆತ ನೆಲ. ಮುಖ ಮತ್ತು ಹೆಸರು ಒಂದೇ ಕಲ್ಲಿನ ಮೇಲೆ ಇದ್ದುದರಿಂದಲ್ಲವೇ ಅದು ಅಶೋಕನೆಂದು ನಾವು ತಿಳಿದದ್ದು? ಈ ಮಾತನ್ನು ಮುಂದೆ ಮತ್ತೆ ಪ್ರಸ್ತಾಪಿಸಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಕ್ಯಾನನ್ ತಂಡಕ್ಕೆ ಕ್ಯಾಮೆರಾ ಪೆಟ್ಟಿಗೆ ಮಾಡುವುದು ತಿಳಿದಿತ್ತು, ಮಸೂರ ಅರೆಯುವುದು ತಿಳಿದಿರಲಿಲ್ಲ. ಆದ್ದರಿಂದ ೧೯೩೬ರಲ್ಲಿ ಮಾರುಕಟ್ಟೆಗೆ ಬಂದ ‘ಹನ್ಸಾ ಕ್ಯಾನನ್’ ಕ್ಯಾಮೆರಾಕ್ಕೆ ಲೆನ್ಸ್ ಕೊಟ್ಟದ್ದು ನಿಪ್ಪಾನ್ ಕೊಗಾಕು, ಅಂದರೆ ಇಂದಿನ ನಿಕಾನ್! ನೆರೆಮನೆಯಿಂದ ಹೆಪ್ಪು ತಂದು ಮೊಸರು ಮಾಡಿದ ಹಾಗೆ. ಇಂದು ನಮ್ಮ ಹುಡುಗರು ‘ನಾನು ಕ್ಯಾನನ್ ಪಕ್ಷ’, ‘ನಾನು ನಿಕಾನ್ ಪಕ್ಷ’ ಎಂದು ವಾದಕ್ಕಿಳಿಯುವಾಗ ನನಗೆ ಈ ಹೆಪ್ಪಿನ ನೆನಪಾಗಿ ನಗು ಬರುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಸೋತ ಜಪಾನಿಗೆ ಸೇನೆಯ ಕೆಲಸ ತಪ್ಪಿಹೋಯಿತು. ನಿಪ್ಪಾನ್ ಕೊಗಾಕು ಬದುಕುಳಿಯಲು ಕ್ಯಾಮೆರಾ ತಯಾರಿಕೆಗೆ ಇಳಿಯಿತು. ೧೯೫೦ರಲ್ಲಿ ಕೊರಿಯಾ ಯುದ್ಧವನ್ನು ಚಿತ್ರಿಸಲು ಬಂದಿದ್ದ ‘ಲೈಫ್’ ಪತ್ರಿಕೆಯ ಡೇವಿಡ್ ಡಗ್ಲಸ್ ಡಂಕನ್ ತಮ್ಮ ಲೈಕಾ ಕ್ಯಾಮೆರಾಕ್ಕೆ ನಿಕಾನಿನ ಮಸೂರ ಹಾಕಿ ತೆಗೆದ ಚಿತ್ರಗಳು ಅಮೆರಿಕದ ಸಂಪಾದಕರನ್ನು ಬೆರಗಾಗಿಸಿದವು. ಜಪಾನಿನ ಸರಕೆಂದರೆ ಅಗ್ಗದ ಆಟಿಕೆ ಎಂಬ ಮಾತು ಅಲ್ಲಿಂದ ಬದಲಾಗತೊಡಗಿತು.

ಎಸ್‌ಎಲ್‌ಆರ್ ಎಂದರೇನು ಎಂಬುದನ್ನೂ ಹೇಳಿಬಿಡುತ್ತೇನೆ. ಹಳೆಯ ಡಬ್ಬಿ ಕ್ಯಾಮೆರಾದಲ್ಲಿ ನೋಡುವ ಕಿಂಡಿ ಬೇರೆ, ಚಿತ್ರ ತೆಗೆಯುವ ಮಸೂರ ಬೇರೆ. ಆದ್ದರಿಂದಲೇ ಹತ್ತಿರದ ಚಿತ್ರಗಳಲ್ಲಿ ತಲೆ ಕತ್ತರಿಸಿಹೋಗುತ್ತಿತ್ತು. ಎಸ್‌ಎಲ್‌ಆರ್‌ನಲ್ಲಿ ಒಂದೇ ಮಸೂರ. ಅದರ ಹಿಂದೆ ಓರೆಯಾಗಿ ನಿಂತ ಕನ್ನಡಿ ಬೆಳಕನ್ನು ಮೇಲಕ್ಕೆ ಕಳುಹಿಸುತ್ತದೆ. ಮೇಲಿನ ಗಾಜಿನ ಪಟ್ಟಕ ಬಿಂಬವನ್ನು ನೆಟ್ಟಗೆ ಮಾಡಿ ಕಣ್ಣಿಗೆ ಮುಟ್ಟಿಸುತ್ತದೆ. ಗುಂಡಿ ಒತ್ತಿದ ಕ್ಷಣದಲ್ಲಿ ಕನ್ನಡಿ ಮೇಲೇಳುತ್ತದೆ, ಬೆಳಕು ನೇರವಾಗಿ ಫಿಲ್ಮಿನ ಮೇಲೆ ಬೀಳುತ್ತದೆ. ಟಪ್ ಎಂದು ಕೇಳುವ ಸದ್ದು ಆ ಕನ್ನಡಿಯದು. ೧೯೩೬ರಲ್ಲಿ ಜರ್ಮನಿಯ ‘ಕಿನೆ ಎಕ್ಸಾಕ್ಟಾ’ ೩೫ ಮಿ.ಮೀ. ಫಿಲ್ಮಿಗೆ ಈ ವ್ಯವಸ್ಥೆ ತಂದಿತು. ೧೯೪೯ರ ‘ಕಾಂಟ್ಯಾಕ್ಸ್ ಎಸ್’ ಪಟ್ಟಕ ಸೇರಿಸಿತು. ೧೯೫೪ರಲ್ಲಿ ಜಪಾನಿನ ಅಸಾಹಿ ಸಂಸ್ಥೆ ಮೇಲೆದ್ದ ಕನ್ನಡಿ ತಾನಾಗಿಯೇ ಕೂಡಲೇ ಕೆಳಗಿಳಿಯುವಂತೆ ಮಾಡಿತು. ೧೯೫೯ರಲ್ಲಿ ಕ್ಯಾನನ್ ‘ಕ್ಯಾನನ್‌ಫ್ಲೆಕ್ಸ್’ ಅನ್ನೂ, ನಿಕಾನ್ ತನ್ನ ‘ನಿಕಾನ್ ಎಫ್’ ಅನ್ನೂ ಹೊರತಂದವು. ಮೊದಲನೆಯದು ಬಹು ಬೇಗ ಮರೆವಿಗೆ ಸಂದಿತು. ಎರಡನೆಯದು ಪತ್ರಿಕಾ ಛಾಯಾಗ್ರಾಹಕರ ನೆಚ್ಚಿನ ಕ್ಯಾಮೆರಾವಾಯಿತು.

ಇಲ್ಲಿಂದ ಎರಡು ಮನೆಗಳ ಸ್ವಭಾವ ಬೇರೆಯಾಯಿತು. ೨೦೦೮ರ ಆಯ್ಕೆಯ ಗುಟ್ಟು ಇರುವುದೂ ಇಲ್ಲಿಯೇ. ಮಸೂರವನ್ನು ಕ್ಯಾಮೆರಾಕ್ಕೆ ಕೂಡಿಸುವ ಉಂಗುರಕ್ಕೆ ಮೌಂಟ್ ಎನ್ನುತ್ತಾರೆ. ನಿಕಾನ್ ೧೯೫೯ರ ‘ಎಫ್ ಮೌಂಟ್’ ಅನ್ನು ತನ್ನ ಎಸ್‌ಎಲ್‌ಆರ್‌ಗಳಲ್ಲಿ ಬದಲಾಯಿಸಲೇ ಇಲ್ಲ. ಒಳಗೆ ಒಂದಿಷ್ಟು ತಿದ್ದುಪಡಿ ಮಾಡುತ್ತ ಹಳೆಯ ಉಂಗುರವನ್ನೇ ಉಳಿಸಿಕೊಂಡಿತು. ಕ್ಯಾನನ್ ೧೯೭೧ರ ‘ಎಫ್‌ಡಿ’ ಮೌಂಟಿನ ಮೇಲೆ ದೊಡ್ಡ ಬಳಗ ಕಟ್ಟಿತು. ೧೯೭೬ರ ‘ಎಇ-೧’ ಲಕ್ಷಗಟ್ಟಲೆ ಮನೆಗಳನ್ನು ಸೇರಿತು. ಆದರೂ ೧೯೮೭ರಲ್ಲಿ ‘ಇಓಎಸ್ ೬೫೦’ ತಂದಾಗ ಆ ಮೌಂಟನ್ನು ಪೂರ್ತಿಯಾಗಿ ಕೈಬಿಟ್ಟು ‘ಇಎಫ್’ ಎಂಬ ಹೊಸದನ್ನು ಹಿಡಿಯಿತು. ಅದರಲ್ಲಿ ಕ್ಯಾಮೆರಾಕ್ಕೂ ಮಸೂರಕ್ಕೂ ವಿದ್ಯುತ್ ಸಂಪರ್ಕವಷ್ಟೇ. ಫೋಕಸ್ ಮಾಡುವ ಮೋಟಾರು ಪ್ರತಿ ಮಸೂರದೊಳಗೇ ಇತ್ತು. ಹಳೆಯ ಮಸೂರಗಳಿದ್ದವರು ಸಿಟ್ಟಾದರು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ನಿಕಾನ್ ಹಳೆಯ ನೆಂಟಸ್ತನ ಬಿಡದ ಕೂಡುಕುಟುಂಬ. ಹೊಂದಿಕೊಂಡು ಹೋಗಲು ನೂರು ಕಟ್ಟಳೆ. ಕ್ಯಾನನ್ ಒಮ್ಮೆ ಕಠಿಣವಾಗಿ ಪಾಲು ಮಾಡಿಕೊಂಡು ಆಮೇಲೆ ನೆಮ್ಮದಿಯಾಗಿ ಬಾಳಿದ ಮನೆ. ೧೯೮೭ರ ಇಎಫ್ ಮಸೂರ ೨೦೦೮ರ ೫೦ಡಿಯ ಮೇಲೆ ಯಾವ ಕೊಸರೂ ಇಲ್ಲದೆ ಕೆಲಸ ಮಾಡುತ್ತಿತ್ತು.

ಭಾರತಕ್ಕೆ ಈ ಕ್ಯಾಮೆರಾಗಳು ಸುಲಭವಾಗಿ ಬರಲಿಲ್ಲ. ಆಮದಿಗೆ ಪರವಾನಗಿ, ಭಾರೀ ಸುಂಕ. ಊಟಿಯಲ್ಲಿ ೧೯೬೦ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮು ನಮ್ಮ ಸ್ಟುಡಿಯೋಗಳಿಗೆ ಆಸರೆಯಾಯಿತು. ಕ್ಯಾಮೆರಾ ಮಾತ್ರ ಹೊರಗಿನಿಂದಲೇ ಬರಬೇಕು. ಸ್ಟುಡಿಯೋದವರ ಬಳಿ ಎರಡು ಮಸೂರದ ಯಾಷಿಕಾ ಇರುತ್ತಿತ್ತು. ಸೌದಿ, ದುಬೈಗಳಿಗೆ ದುಡಿಯಲು ಹೋದ ನೆಂಟರು ತಂದುಕೊಟ್ಟ ಪೆಂಟಾಕ್ಸ್, ನಿಕಾನುಗಳೂ ಅಲ್ಲೊಂದು ಇಲ್ಲೊಂದು ಇದ್ದವು. ಅಂಥ ಕ್ಯಾಮೆರಾವನ್ನು ಮಖಮಲ್ ಬಟ್ಟೆಯಲ್ಲಿ ಸುತ್ತಿ, ಮಳೆಗಾಲದಲ್ಲಿ ಅಕ್ಕಿಯ ಡಬ್ಬಿಯಲ್ಲಿಟ್ಟು ಕಾಪಾಡುತ್ತಿದ್ದರು. ನನ್ನ ವಿದ್ಯಾರ್ಥಿಯ ಸೋದರಮಾವನ ಸ್ಟುಡಿಯೋದಲ್ಲಿಯೂ ೧೯೮೦ರ ದಶಕದ ‘ನಿಕಾನ್ ಎಫ್‌ಎಂ೨’ ಮತ್ತು ಅದರ ಎರಡು ಮಸೂರಗಳು ಇದ್ದವು. ಮಾವ ಅವನ್ನು ಅಳಿಯನಿಗೆ ಬಿಟ್ಟುಹೋಗಿದ್ದರು.

ಡಿಜಿಟಲ್ ಯುಗದ ಕಥೆ ಬೇಗ ಹೇಳಬಹುದು. ಬೆಳಕನ್ನು ವಿದ್ಯುತ್ತಾಗಿ ಹಿಡಿಯುವ ಸಿಸಿಡಿ ಚಿಪ್ಪನ್ನು ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬಾಯ್ಲ್ ಮತ್ತು ಸ್ಮಿತ್ ರೂಪಿಸಿದರು. ಅದಕ್ಕಾಗಿ ೨೦೦೯ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂದಿತು. ೧೯೭೫ರಲ್ಲಿ ಕೊಡಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಎಂಬ ತರುಣ ಎಂಜಿನಿಯರ್ ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದರು. ಅದರ ಚಿತ್ರದಲ್ಲಿ ಇದ್ದುದು ಹತ್ತು ಸಾವಿರ ಚುಕ್ಕೆಗಳು ಮಾತ್ರ. ೧೯೯೧ರಲ್ಲಿ ಕೊಡಕ್ ಸಂಸ್ಥೆಯೇ ನಿಕಾನ್ ಎಫ್೩ ಕ್ಯಾಮೆರಾದ ಮೇಲೆ ೧.೩ ಮೆಗಾಪಿಕ್ಸೆಲ್ ಸಂವೇದಕ ಕೂಡಿಸಿ ಮಾರಿತು. ನಿಕಾನ್ ೧೯೯೯ರಲ್ಲಿ ‘ಡಿ೧’ ತಂದಿತು, ಕ್ಯಾನನ್ ೨೦೦೦ದಲ್ಲಿ ‘ಡಿ೩೦’ ತಂದಿತು. ೨೦೦೩ರಲ್ಲಿ ಕ್ಯಾನನ್ ‘೩೦೦ಡಿ’ ಸಾವಿರ ಡಾಲರಿನ ಒಳಗೆ ಬಂದ ಮೇಲೆ ಸಾಮಾನ್ಯರ ಕಣ್ಣು ಇತ್ತ ಹೊರಳಿತು. ಡಿಜಿಟಲ್ ಕ್ಯಾಮೆರಾವನ್ನು ಮೊದಲು ಕಟ್ಟಿದ ಕೊಡಕ್ ಮಾತ್ರ ಫಿಲ್ಮಿನ ಲಾಭ ಬಿಡಲಾರದೆ ತಡವರಿಸಿ, ೨೦೧೨ರಲ್ಲಿ ದಿವಾಳಿ ಅರ್ಜಿ ಹಾಕಿತು. ಹಡೆದವಳು ಒಬ್ಬಳು, ಸಾಕಿ ಬೆಳೆಸಿದವರು ಬೇರೆಯವರು.

ಈಗ ಆ ಎರಡು ಕ್ಯಾಮೆರಾಗಳ ಹೋಲಿಕೆಗೆ ಬರೋಣ. ೫೦ಡಿಯಲ್ಲಿ ೧೫.೧ ಮೆಗಾಪಿಕ್ಸೆಲ್, ಡಿ೯೦ಯಲ್ಲಿ ೧೨.೩. ಸೆಕೆಂಡಿಗೆ ೫೦ಡಿ ೬.೩ ಚಿತ್ರ ತೆಗೆಯುತ್ತಿತ್ತು, ಡಿ೯೦ ೪.೫. ೫೦ಡಿಯ ಹೊರಮೈ ಮೆಗ್ನೀಸಿಯಂ ಮಿಶ್ರಲೋಹದ್ದು, ತೂಕ ೭೩೦ ಗ್ರಾಂ. ಕಾರ್ಡ್ ಮತ್ತು ಬ್ಯಾಟರಿಯ ಮುಚ್ಚಳಗಳಿಗೆ ಧೂಳು ತಡೆಯುವ ಒಂದಿಷ್ಟು ಕಾವಲೂ ಇತ್ತು. ಡಿ೯೦ಯ ಹೊರಮೈ ಪ್ಲಾಸ್ಟಿಕ್, ತೂಕ ೬೨೦ ಗ್ರಾಂ. ಡಿ೯೦ಯಲ್ಲಿ ವಿಡಿಯೋ ಇತ್ತು. ವಿಡಿಯೋ ತೆಗೆಯಬಲ್ಲ ಮೊದಲ ಡಿಜಿಟಲ್ ಎಸ್‌ಎಲ್‌ಆರ್ ಅದೇ. ೫೦ಡಿಯಲ್ಲಿ ಅದು ಇರಲಿಲ್ಲ. ಅಮೆರಿಕದಲ್ಲಿ ಘೋಷಿತವಾದ ಬೆಲೆ, ಲೆನ್ಸ್ ಬಿಟ್ಟು, ೫೦ಡಿಗೆ ಸುಮಾರು ೧೪೦೦ ಡಾಲರ್, ಡಿ೯೦ಗೆ ಸುಮಾರು ೧೦೦೦.

ಅಂಗಡಿಯವರು ಮೆಗಾಪಿಕ್ಸೆಲ್ ಲೆಕ್ಕವನ್ನೇ ಮುಂದಿಡುತ್ತಿದ್ದರು. ಆ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಡಿ೯೦ಯ ಸಂವೇದಕ ೨೩.೬ ಮಿ.ಮೀ. ಅಗಲ, ೫೦ಡಿಯದು ೨೨.೩ ಮಿ.ಮೀ. ತುಸು ಚಿಕ್ಕ ಹೊಲದಲ್ಲಿ ಹೆಚ್ಚು ಸಾಲು ಬಿತ್ತಿದರೆ ಒಂದೊಂದು ಗಿಡಕ್ಕೆ ಸಿಗುವ ನೀರು ಕಡಿಮೆ. ಹಾಗೆಯೇ ಒಂದೊಂದು ಪಿಕ್ಸೆಲ್ಲಿಗೆ ಬೀಳುವ ಬೆಳಕೂ ಕಡಿಮೆಯಾಗಿ, ಮಬ್ಬಿನಲ್ಲಿ ತೆಗೆದ ಚಿತ್ರದಲ್ಲಿ ಮರಳು ಚೆಲ್ಲಿದಂಥ ಕಲೆಗಳು ಕಾಣುತ್ತವೆ. ಅಂದಿನ ಪರೀಕ್ಷಕರು ೫೦ಡಿಯಲ್ಲಿ ಈ ದೋಷವನ್ನು ಗುರುತಿಸಿದ್ದರು. ನಮ್ಮ ಕಡೆ ಫರ್ಸಿ ಕಲ್ಲಿನ ಗೋಡೆಯ ಮನೆಗಳು. ಬಿಸಿಲು ಒಳಗೆ ಬರಬಾರದೆಂದು ಕಿಟಕಿ ಸಣ್ಣವು. ನಡುಹಗಲಲ್ಲಿಯೂ ಪಡಸಾಲೆ ಮಬ್ಬಾಗಿರುತ್ತದೆ. ಮುದುಕರು ಕೂರುವುದೂ ಅಲ್ಲಿಯೇ. ಅಲ್ಲಿ ಹೆಚ್ಚು ಪಿಕ್ಸೆಲ್ಲಿಗಿಂತ ಹೆಚ್ಚು ಬೆಳಕು ಹಿಡಿಯುವ ಮಸೂರ ಮುಖ್ಯ. ೫೦ ಮಿ.ಮೀ. ಎಫ್ ೧.೮ ಎಂಬ ಮಸೂರ ಎರಡೂ ಸಂಸ್ಥೆಗಳಲ್ಲಿ ಅಗ್ಗದಲ್ಲಿಯೇ ಸಿಗುತ್ತಿತ್ತು. ಈ ಅಳತೆಯ ಸಂವೇದಕದ ಮುಂದೆ ಅದು ೭೫ ಅಥವಾ ೮೦ ಮಿ.ಮೀ. ಮಸೂರದಂತೆ ನೋಡುತ್ತದೆ, ಮುಖ ತೆಗೆಯಲು ಅದಕ್ಕಿಂತ ಒಳ್ಳೆಯ ಅಳತೆ ಇಲ್ಲ.

ಇನ್ನು ಧೂಳು. ಸುಣ್ಣಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ, ಲಾರಿಗಳ ಓಡಾಟ, ರಾಶಿಯ ಕಾಲದಲ್ಲಿ ತೊಗರಿಯ ಹೊಟ್ಟು. ಕೋಡ್ಲಾದಿಂದ ವಾಡಿಯವರೆಗೆ ಮರದ ಎಲೆ ಹಸಿರಾಗಿ ಕಾಣುವುದು ಮಳೆ ಬಂದ ಮರುದಿನ ಮಾತ್ರ. ಈ ವಿಷಯದಲ್ಲಿ ೫೦ಡಿಯದೇ ಮೇಲುಗೈ. ಹೊರಗಿನ ಕೆಲಸ, ಮೆರವಣಿಗೆ, ಜಾತ್ರೆಯ ತೇರು, ಕುಸ್ತಿ ಎಂದರೆ ಅದರ ವೇಗವೂ ಗಟ್ಟಿಮೈಯೂ ಬೇಕು. ಮದುವೆಯ ಋತುವಿನಲ್ಲಿ ದಿನಕ್ಕೆರಡು ಮದುವೆ ಹಿಡಿಯುವವನಿಗೆ ನಾನು ಅದನ್ನೇ ಹೇಳುತ್ತಿದ್ದೆ. ಜೊತೆಗೆ ಊರಿನ ಇತರ ಸ್ಟುಡಿಯೋದವರ ಬಳಿ ಯಾವುದಿದೆ ಎಂಬುದನ್ನೂ ನೋಡಬೇಕು. ಹೊತ್ತಿಗೆ ಲೆನ್ಸ್ ಕೆಟ್ಟರೆ ನೆರೆಯವನಿಂದ ಎರವಲು ತರಲು ಮೌಂಟ್ ಒಂದೇ ಆಗಿರಬೇಕಲ್ಲ.

ನನ್ನ ವಿದ್ಯಾರ್ಥಿಗೆ ಇನ್ನೂ ಒಂದು ಆಸೆ ಇತ್ತು. ಸನ್ನತಿ, ಮಳಖೇಡ, ನಾಗಾವಿಗಳ ಶಾಸನ, ಶಿಲ್ಪಗಳ ಒಳ್ಳೆಯ ಚಿತ್ರ ತೆಗೆಯಬೇಕು ಎಂಬುದು. ತರಗತಿಯಲ್ಲಿ ಅಮೋಘವರ್ಷ ನೃಪತುಂಗನ ಪಾಠ ಮಾಡುವಾಗ ನಾನು ಹಚ್ಚಿದ ಹುಚ್ಚು ಅದು. ಸವೆದ ಅಕ್ಷರಕ್ಕೆ ಎದುರಿನಿಂದ ಬೆಳಕು ಹಾಕಿದರೆ ಏನೂ ಕಾಣುವುದಿಲ್ಲ. ಬೆಳಕು ಪಕ್ಕದಿಂದ, ಕಲ್ಲಿಗೆ ಸವರಿಕೊಂಡು ಹೋಗುವಂತೆ ಬರಬೇಕು. ಆಗ ಪ್ರತಿ ಗೀರಿನಲ್ಲಿ ನೆರಳು ನಿಂತು ಅಕ್ಷರ ಎದ್ದುಬರುತ್ತದೆ. ಬೆಳಗಿನ ಎಳೆ ಬಿಸಿಲಿನಲ್ಲಿ ಶಾಸನ ಓದಬೇಕೆಂದು ಹಿರಿಯರು ಹೇಳುತ್ತಿದ್ದುದು ಇದಕ್ಕೇ. ಡಿ೯೦ಯ ಸ್ವಂತ ಫ್ಲಾಶು ದೂರದಲ್ಲಿಟ್ಟ ಇನ್ನೊಂದು ಫ್ಲಾಶನ್ನು ತಂತಿಯಿಲ್ಲದೆ ಬೆಳಗಿಸಬಲ್ಲುದಾಗಿತ್ತು. ೫೦ಡಿಯ ಫ್ಲಾಶಿಗೆ ಆ ಶಕ್ತಿ ಇರಲಿಲ್ಲ. ಬೇರೆ ಸಾಧನ ಕೊಳ್ಳಬೇಕಿತ್ತು. ಪುಸ್ತಕದಲ್ಲಿ ಸಣ್ಣದಾಗಿ ಕಾಣುವ ಈ ಒಂದು ಸಾಲು ನಮ್ಮ ಕೆಲಸಕ್ಕೆ ಬಹು ದೊಡ್ಡದಾಗಿತ್ತು.

ಹಾಗೆಯೇ ಸೋದರಮಾವನ ಹಳೆಯ ಮಸೂರಗಳು. ಅವು ಡಿ೯೦ಯ ಮೇಲೆ ಕೂರುತ್ತಿದ್ದವು. ಬೆಳಕಿನ ಅಳತೆ ತೋರಿಸುತ್ತಿರಲಿಲ್ಲ, ಫೋಕಸ್ ಕೈಯಿಂದಲೇ ಮಾಡಬೇಕು. ಆದರೆ ತೆಗೆದ ಚಿತ್ರ ಕೂಡಲೇ ಪರದೆಯ ಮೇಲೆ ಕಾಣುವಾಗ ಎರಡು ಸಲ ತಿದ್ದಿಕೊಂಡರೆ ಸಾಕಲ್ಲವೇ? ಕಲ್ಲೇನೂ ಎದ್ದು ಓಡುವುದಿಲ್ಲ. ಇದೆಲ್ಲವನ್ನೂ ಒಂದು ಹಾಳೆಯ ಮೇಲೆ ಎರಡು ಸಾಲಿನಲ್ಲಿ ಬರೆದು, ನಾನು ತೀರ್ಪು ಹೇಳದೆ, ಅವನ ಕೈಗೇ ಕೊಟ್ಟೆ. ಅವನು ಡಿ೯೦ ಕೊಂಡ. ಉಳಿದ ಹಣದಲ್ಲಿ ಆ ಎಫ್ ೧.೮ ಮಸೂರವನ್ನೂ ಒಂದು ಫ್ಲಾಶನ್ನೂ ತಂದ.

ಮುಂದಿನ ವರ್ಷಗಳಲ್ಲಿ ಅವನು ಮಾಡಿದ ಕೆಲಸವನ್ನು ನಿಮ್ಮಲ್ಲಿ ಕೆಲವರು ನೋಡಿದ್ದೀರಿ. ಮದುವೆಯ ಚಿತ್ರಕ್ಕೆಂದು ಹೋದ ಊರಿನಲ್ಲಿ ಒಂದು ತಾಸು ಉಳಿದುಕೊಂಡು, ಆ ಓಣಿಯ ಮುದುಕ ಮುದುಕಿಯರನ್ನು ಬಾಗಿಲ ಹೊಸ್ತಿಲ ಬಳಿ ಕೂರಿಸಿ, ಪಕ್ಕದ ಬೆಳಕಿನಲ್ಲಿ ಒಂದೊಂದು ಚಿತ್ರ ತೆಗೆಯುವುದು. ದುಡ್ಡು ಕೇಳುತ್ತಿರಲಿಲ್ಲ. “ಆಯಿ, ಇತ್ತ ನೋಡ” ಎಂದರೆ, “ನನ್ನ ಮಾರಿ ಏನ ತೆಗೀತಿ ತಮ್ಮಾ” ಎನ್ನುತ್ತ ಸೆರಗು ಸರಿಪಡಿಸಿಕೊಳ್ಳುವಳು. ಆ ಸೆರಗು ಸರಿಪಡಿಸುವ ಗಳಿಗೆಯ ಚಿತ್ರಗಳೇ ಬಹು ಚೆನ್ನಾಗಿ ಬರುತ್ತಿದ್ದವು. ೨೦೨೦, ೨೦೨೧ರ ಕೊರೊನಾ ಕಾಲದಲ್ಲಿ ಊರೂರಲ್ಲಿ ಹಿರಿಯರು ತೀರಿಕೊಂಡಾಗ ಅವರ ಮಕ್ಕಳು ಅವನ ಬಳಿ ಬಂದರು. ಮತದಾರರ ಚೀಟಿಯನ್ನು ಹಿಗ್ಗಿಸುವ ಅಗತ್ಯ ಅವರಲ್ಲಿ ಹಲವರಿಗೆ ಬೀಳಲಿಲ್ಲ.

ಎಲ್ಲರಿಗೂ ಬೀಳಲಿಲ್ಲ ಎನ್ನಲಾರೆ. ಅಷ್ಟರಲ್ಲಿ ಅವನ ಒಂದು ಹಾರ್ಡ್ ಡಿಸ್ಕ್ ಕೆಟ್ಟುಹೋಗಿ ಎರಡು ವರ್ಷಗಳ ಚಿತ್ರಗಳು ನಾಶವಾಗಿದ್ದವು. ತಂದೆಯ ಚಿತ್ರ ಕೇಳಲು ಬಂದ ಒಬ್ಬಾತ ಅಂಗಡಿಯ ಬೆಂಚಿನ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತು ಎದ್ದುಹೋದನಂತೆ. ಇನ್ನು ಕೆಲವು ಚಿತ್ರಗಳಿದ್ದವು, ಆದರೆ ಯಾರದೆಂದು ಗೊತ್ತಿಲ್ಲ. ಕಡತಕ್ಕೆ ಕ್ಯಾಮೆರಾ ತಾನೇ ಕೊಟ್ಟ ಒಂದು ಸಂಖ್ಯೆ, ಅಷ್ಟೇ. ಊರು ಯಾವುದು, ಹೆಸರೇನು, ಯಾರ ಮನೆಯವರು ಎಂದು ಬರೆದಿಟ್ಟಿರಲಿಲ್ಲ. ಅಶೋಕನ ಶಿಲ್ಪದ ಮಾತನ್ನು ನೆನಪಿ‌ಟ್ಟುಕೊಳ್ಳಿ ಎಂದದ್ದು ಇದಕ್ಕಾಗಿ. ಎರಡು ಸಾವಿರ ವರ್ಷಗಳ ಹಿಂದೆ ಕಲ್ಲು ಕೆತ್ತಿದ ಶಿಲ್ಪಿಗೆ, ಚಕ್ರವರ್ತಿಯ ಮುಖಕ್ಕೂ ಹೆಸರು ಬೇಕೆಂಬ ವಿವೇಕವಿತ್ತು. ಚಕ್ರವರ್ತಿಗೇ ಬೇಕಾದುದು ನಮ್ಮ ನಿಮ್ಮ ಮನೆಯ ಹಿರಿಯರಿಗೆ ಬೇಡವೇ?

ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಹಿಂದೆ ದೊಡ್ಡ ಘಟಿಕಾಸ್ಥಾನವಿತ್ತು. ಅಲ್ಲಿಯ ೧೦೫೮ರ ಶಾಸನದಲ್ಲಿ ವೇದ, ಶಾಸ್ತ್ರಗಳನ್ನು ಕಲಿಸುವವರ ಜೊತೆಗೆ ‘ಸರಸ್ವತೀ ಭಂಡಾರಿ’ಗಳ, ಅಂದರೆ ಗ್ರಂಥಭಂಡಾರ ಕಾಯುವವರ ಉಲ್ಲೇಖವಿದೆ. ಆರು ಮಂದಿ ಉಪಾಧ್ಯಾಯರಿಗೆ ಆರು ಮಂದಿ ಭಂಡಾರಿಗಳು. ಕಲಿಸುವುದಕ್ಕೆ ಎಷ್ಟು ಜನ ಬೇಕೋ ಕಾಯುವುದಕ್ಕೂ ಅಷ್ಟೇ ಜನ ಬೇಕೆಂದು ಅವರು ಎಣಿಸಿದ್ದರು. ಕ್ಯಾಮೆರಾ ಆರಿಸಲು ತಿಂಗಳುಗಟ್ಟಲೆ ಯೋಚಿಸುವ ನಾವು ಚಿತ್ರ ಕಾಯುವುದಕ್ಕೆ ಒಂದು ದಿನವನ್ನೂ ಕೊಡುವುದಿಲ್ಲ.

೨೦೧೮ರಲ್ಲಿ ನಿಕಾನ್ ‘ಝಡ್’ ಸರಣಿಯನ್ನೂ, ಕ್ಯಾನನ್ ‘ಇಓಎಸ್ ಆರ್’ ಅನ್ನೂ ತಂದ ಮೇಲೆ ಎರಡೂ ಸಂಸ್ಥೆಗಳ ಗಮನ ಕನ್ನಡಿಯಿಲ್ಲದ ಕ್ಯಾಮೆರಾಗಳತ್ತ ಹೊರಳಿದೆ. ಕೂಡುಕುಟುಂಬದಂತಿದ್ದ ನಿಕಾನ್ ಕೂಡ ಹೊಸ ಉಂಗುರಕ್ಕೆ ಬಂದಿತು. ಹೀಗಾಗಿ ಹಳೆಯ ಎಸ್‌ಎಲ್‌ಆರ್‌ಗಳು ಕಡಿಮೆ ಬೆಲೆಗೆ ಕೈಬದಲಾಗುತ್ತಿವೆ. ಕಲಿಯುವ ಹುಡುಗರಿಗೆ ಇದು ಒಳ್ಳೆಯ ಕಾಲ. ಕೊಳ್ಳುವಾಗ ಶಟರ್ ಎಷ್ಟು ಸಲ ಬಡಿದಿದೆ ಎಂದು ಕೇಳಿರಿ. ಮಸೂರವನ್ನು ಬೆಳಕಿಗೆ ಹಿಡಿದು ಒಳಗೆ ಬೂಸಲು ಇದೆಯೇ ನೋಡಿರಿ. ಬ್ಯಾಟರಿ ಇನ್ನೂ ಸಿಗುವ ಮಾದರಿಯೇ ಎಂದು ವಿಚಾರಿಸಿರಿ. ಮನೆಯಲ್ಲಿ ಹಿರಿಯರು ಬಿಟ್ಟುಹೋದ ಲೆನ್ಸ್ ಯಾವ ಮನೆಯದೋ ಆ ಮನೆಯ ಕ್ಯಾಮೆರಾ ಹಿಡಿಯಿರಿ. ಏನೂ ಇಲ್ಲದವರು ನಿಮ್ಮ ಗೆಳೆಯರ ಬಳಿ ಇರುವುದನ್ನೇ ಹಿಡಿಯಿರಿ. ಅದೂ ಆಗದಿದ್ದರೆ ಜೇಬಿನ ಮೊಬೈಲ್ ಸಾಕು, ಬಾಗಿಲ ಬಳಿಯ ಬೆಳಕು ಎಲ್ಲಕ್ಕೂ ಒಂದೇ.

ಆಮೇಲೆ ಮನೆಯ ಹಿರಿಯರನ್ನು ಕೂರಿಸಿ ಚಿತ್ರ ತೆಗೆಯಿರಿ. ಕಾಗದದ ಮೇಲೆ ಎರಡು ಪ್ರತಿ ಮಾಡಿಸಿ, ಒಂದನ್ನು ಅಣ್ಣನ ಮನೆಯಲ್ಲಿ, ಇನ್ನೊಂದನ್ನು ತಂಗಿಯ ಮನೆಯಲ್ಲಿ ಇಡಿರಿ. ಪ್ರತಿಯೊಂದರ ಹಿಂದೆ ಪೆನ್ಸಿಲಿನಿಂದ ಹೆಸರು, ತಂದೆಯ ಹೆಸರು, ಊರು, ತಿಂಗಳು, ವರ್ಷ ಬರೆಯಿರಿ. ಶಾಲೆಯಲ್ಲಿ ನಿಮ್ಮಿಂದ ಎಷ್ಟೋ ಮನೆಪಾಠ ಮಾಡಿಸಿದ್ದೇನೆ. ಇದೊಂದನ್ನು ಈ ದೀಪಾವಳಿಗೆ ಊರಿಗೆ ಬಂದಾಗ ಮಾಡಿ ಮುಗಿಸಿರಿ.